ಹೆಳವರ ಪುಸ್ತಕದಲ್ಲಿ ಬೆಳೆದ ಹುಡುಗ

ಹೊರಮಾವು, ಬೆಂಗಳೂರು
11 ಆಗಸ್ಟ್ 2003

ಜಟ್ಟೆಮ್ಮ ಅತ್ತೆಯವರಿಗೆ ಕಾವೇರಿಯ ನಮಸ್ಕಾರಗಳು.

ಈ ಕಾವೇರಿ ಯಾರು ಎಂದು ನೀವು ಕೇಳಿದರೆ ತಪ್ಪಿಲ್ಲ. ನಾನು ನಿಮ್ಮ ತಮ್ಮ ಹುಸೇನಪ್ಪನ ಮಗಳು. ಬೆಂಗಳೂರಲ್ಲೇ ಹುಟ್ಟಿದವಳು. ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ನೋಡಿಲ್ಲ. ಹೋದ ವಾರ ಅಪ್ಪನ ಟ್ರಂಕಿನ ತಳದಲ್ಲಿ 1979ರ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಒಳಗಿನ ಅಕ್ಷರವೆಲ್ಲ ನೀರು ತಾಗಿ ಹೋಗಿದೆ, ಬೆನ್ನ ಮೇಲಿನ 'ಅಕ್ಕ ಜಟ್ಟೆಮ್ಮ' ಎಂಬ ನಿಮ್ಮ ಹೆಸರು, ಊರು ಮಾತ್ರ ಉಳಿದಿದೆ. ನೀವು ಇದ್ದೀರೋ ಇಲ್ಲವೋ ಎಂಬುದೂ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಇದ್ದರೆ ನನ್ನ ಈ ಮಾತಿಗೆ ಬೈಯಬೇಡಿ.

ಬರೆಯಲು ಕಾರಣ ನನ್ನ ಮಗಳು ಶಿವಾನಿ. ಮೂರನೇ ಕ್ಲಾಸು. ಚಾರ್ಟಿನ ಮೇಲೆ ಮನೆತನದ ವಂಶವೃಕ್ಷ ಬರೆದು ತರಬೇಕೆಂದು ಅವಳ ಮಿಸ್ ಹೇಳಿದ್ದಾರೆ. ಜಾಸ್ತಿ ಹೆಸರು ಬರೆದವರಿಗೆ ಸ್ಟಾರ್ ಕೊಡುತ್ತಾರಂತೆ. ನನ್ನ ಯಜಮಾನರು ಕಿರಣಕುಮಾರ್ ಕಡೆಯಿಂದ ಐದು ತಲೆ ಸಿಕ್ಕಿತು. ನಮ್ಮ ಕಡೆ ಖಾಲಿ. ಅಪ್ಪನನ್ನು ಕೇಳಿದರೆ ತಮ್ಮ ಹೆಸರು, ಅವರಪ್ಪನ ಹೆಸರು ಹೇಳಿ ನಿಲ್ಲಿಸಿಬಿಟ್ಟರು. "ಆಮೇಲೆ ಯಾರು ತಾತಾ?" ಎಂದು ಶಿವಾನಿ ಬೆನ್ನು ಬಿಡಲಿಲ್ಲ. "ಅದರ ಹಿಂದ ಮಣ್ಣೈತಿ, ಬರ್ಕೋ" ಎಂದು ಎದ್ದು ಟೆರೇಸಿಗೆ ಹೋದರು. ಮಗು ಪೆನ್ಸಿಲ್ ಹಿಡಿದು ನಿಜವಾಗಿಯೂ 'ಮಣ್ಣು' ಎಂದು ಬರೆದಿತ್ತು.

ನನಗೆ ನಗು ಬಂತು, ಆಮೇಲೆ ಬೇಜಾರಾಯಿತು. ಊರಿನ ಬಗ್ಗೆ ನಾನು ಚಿಕ್ಕವಳಿದ್ದಾಗ ಕೇಳಿದರೂ ಹೀಗೇ. ಗೌಂಡಿ ಕೆಲಸ ಮಾಡಿ ಇಂದಿರಾನಗರದಲ್ಲಿ, ಜೀವನ್ ಬಿಮಾ ನಗರದಲ್ಲಿ ಯಾರ ಯಾರ ಮನೆಗೋ ಗೋಡೆ ಎಬ್ಬಿಸಿದ ಅಪ್ಪ, ಸ್ವಂತ ಊರಿನ ಮಾತು ಬಂದರೆ ಗೋಡೆಯಾಗಿಬಿಡುತ್ತಾರೆ. ಈಗ ವಯಸ್ಸಾಗಿದೆ, ನಮ್ಮ ಜೊತೆಯೇ ಇದ್ದಾರೆ. ನಮ್ಮವ್ವ ಅಯ್ಯಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ನಿಮಗೆ ಯಾರಾದರೂ ತಿಳಿಸಿದರೋ ಇಲ್ಲವೋ.

ಅಪ್ಪನಿಗೆ ಹೇಳದೆ ಬರೆದಿದ್ದೇನೆ. ನಾಲ್ಕು ಹೆಸರು ಬರೆದು ಕಳಿಸಿದರೆ ಸಾಕು.

ಇಂತಿ ನಿಮ್ಮ ಸೊಸೆ
ಕಾವೇರಿ

*

ಹಿರೇಬಾವಿ, ಲಿಂಗಸುಗೂರು ತಾಲೂಕು
27 ಆಗಸ್ಟ್ 2003

ಚಿರಂಜೀವಿ ಕಾವೇರಿಗೆ ನಿನ್ನ ಅತ್ತಿ ಜಟ್ಟೆಮ್ಮನ ಆಶೀರ್ವಾದ.

ಇದ್ದೇನೆ. ಸತ್ತಿಲ್ಲ. ಎಪ್ಪತ್ತು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಉಳಿದದ್ದೆಲ್ಲ ಗಟ್ಟಿ. ಈ ಕಾಗೆಕಾಲು ಗುಬ್ಬಿಕಾಲು ಅಕ್ಷರ ನನ್ನದೇ. ಹತ್ತು ವರ್ಷದ ಹಿಂದೆ ಊರಲ್ಲಿ ಸಾಕ್ಷರತೆ ಕ್ಲಾಸು ನಡೆದಾಗ ಹಟ ಹಿಡಿದು ಕಲಿತೆ. ಅದಕ್ಕೂ ಮೊದಲು ಪತ್ರ ಬರೆಸಲು ಮಾಸ್ತರರ ಮನೆ ಕಾಯಬೇಕಿತ್ತು.

ಅಯ್ಯಮ್ಮ ಹೋದದ್ದು ನಿನ್ನ ಕಾಗದದಿಂದಲೇ ತಿಳಿಯಿತು. ಕೂತು ಅತ್ತೆ. ಒಂಬತ್ತು ವರ್ಷ ತಡವಾಗಿ ಅಳಿಸಿದನಲ್ಲ ನಿನ್ನಪ್ಪ, ಅವನ ಕಲ್ಲೆದೆಗೆ ಏನು ಹೇಳಲಿ.

ಹೆಸರು ಬರಕೋ. ಹುಸೇನಪ್ಪ. ಅವನಪ್ಪ ಹನುಮಪ್ಪ. ಅವನಪ್ಪ ಜಟ್ಟೆಪ್ಪ. ಅವನಪ್ಪ ದೊಡ್ಡ ಹುಸೇನಪ್ಪ. ಅದರಾಚೆಗಿನದು ಬಸಣ್ಣನ ಪುಸ್ತಕದಲ್ಲಿದೆ. ಹೆಳವರು ಅಂದರೆ ನಿನಗೆ ಗೊತ್ತಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು ಬರುತ್ತಾರೆ. ನಮ್ಮ ಹೊಸ್ತಿಲ ಮುಂದೆ ನಿಂತು ನಮ್ಮ ಹಿರಿಯರ ಹೆಸರೆಲ್ಲ ಓದುತ್ತಾರೆ. ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಸತ್ತವರನ್ನು ಬರೆದುಕೊಳ್ಳುತ್ತಾರೆ. ನಾವು ಜೋಳ ಕೊಡುತ್ತೇವೆ, ಬಟ್ಟೆ ಕೊಡುತ್ತೇವೆ. ಬಸಣ್ಣನ ಅಪ್ಪ, ಅವನ ಅಜ್ಜ ಎಲ್ಲ ನಮ್ಮ ಮನೆಗೇ ಬಂದವರು. ಈ ಸಲ ಬಂದಾಗ ಏಳು ತಲೆ ಕೇಳಿ ಬರೆಯುತ್ತೇನೆ. ಒಂದು ಮಾತು, ಅದರಲ್ಲಿ ನಿನ್ನ ಹೆಸರು ಹುಡುಕಬೇಡ, ಸಿಗುವುದಿಲ್ಲ. ನನ್ನದೂ ಇಲ್ಲ. ಹೆಣ್ಣುಮಕ್ಕಳನ್ನು ಅವರು ಬರೆಯುವುದಿಲ್ಲ. ಕೊಟ್ಟ ಮನೆಯಲ್ಲಿ ಗಂಡ ಸತ್ತ ಮೇಲೆ ನಾನು ತವರಿಗೆ ಬಂದು ಐವತ್ತು ವರ್ಷವಾಯಿತು. ಪ್ರತಿ ವರ್ಷ ಜೋಳ ಅಳೆಯುವವಳು ನಾನು, ಹೆಸರು ಓದಿಸಿಕೊಳ್ಳುವವರು ಮನೆಯ ಗಂಡಸರು!

ಈಗ ನನ್ನ ಸಿಟ್ಟು ಕೇಳು. ಎಲ್ಲರ ಸುದ್ದಿ ಬರೆದವಳು ನಿನ್ನ ಅಣ್ಣನ ಸುದ್ದಿ ಒಂದಕ್ಷರ ಯಾಕೆ ಬರೆಯಲಿಲ್ಲ? ಈರೇಶ ಹೇಗಿದ್ದಾನೆ? ನಾಲ್ಕು ವರ್ಷ ನನ್ನ ಉಡಿಯಲ್ಲಿ ಬೆಳೆದ ಕೂಸು. ಇಲ್ಲೇ ಬಿಟ್ಟು ಹೋಗು ಅಂದರೆ ನಿನ್ನಪ್ಪ ಕಿತ್ತುಕೊಂಡು ಹೋದ. ಈಗ ಮೂವತ್ತಮೂರು ನಡೆಯುತ್ತಿದೆ ಅವನಿಗೆ. ಬಸಣ್ಣ ಪ್ರತಿ ವರ್ಷ ಅವನ ಹೆಸರು ಓದುತ್ತಾನೆ, ನಾನು ಅವನ ಹೆಸರಿಗೆ ಬೇರೆಯೇ ಒಂದು ಬಟ್ಟೆ ಕೊಡುತ್ತೇನೆ. "ಹುಡುಗನ ಮಗನ ಹೆಸರು ಹೇಳ್ರಿ ಆಯಿ" ಅಂತ ಹೋದ ವರ್ಷವೂ ಕೇಳಿದ. ಏನು ಹೇಳಲಿ? ಲಗ್ನವಾಗಿದೆಯೋ ಇಲ್ಲವೋ? ಆಗಿದ್ದರೆ ನನಗೆ ಒಂದು ಅಕ್ಕಿಕಾಳಾದರೂ ಕಳಿಸಬಾರದಿತ್ತೇ?

ತಿರುಗಿ ಬರಿ.

ನಿನ್ನ ಅತ್ತಿ
ಜಟ್ಟೆಮ್ಮ

*

ಹೊರಮಾವು
8 ಸೆಪ್ಟೆಂಬರ್ 2003

ಅತ್ತೆಯವರಿಗೆ ನಮಸ್ಕಾರ.

ಕಾಗದ ತಲುಪಿತು. ಶಿವಾನಿಯ ಚಾರ್ಟಿಗೆ ನಿಮ್ಮ ನಾಲ್ಕೂ ಹೆಸರು ಹಾಕಿದೆವು. ಅವಳಿಗೆ ಸ್ಟಾರ್ ಸಿಕ್ಕಿತು. ದೊಡ್ಡ ಹುಸೇನಪ್ಪ ಎಷ್ಟು ದೊಡ್ಡವರಿದ್ದರು ಎಂದು ಕೇಳುತ್ತಿದ್ದಾಳೆ.

ಉಳಿದದ್ದನ್ನು ಇನ್ನೊಮ್ಮೆ ಬರೆಯುತ್ತೇನೆ. ಸ್ವಲ್ಪ ಕೆಲಸವಿದೆ.

ಕಾವೇರಿ

*

ಹಿರೇಬಾವಿ
30 ಸೆಪ್ಟೆಂಬರ್ 2003

ಕಾವೇರಿಗೆ ಆಶೀರ್ವಾದ.

ಸ್ಟಾರ್ ಸಿಕ್ಕಿದ್ದು ಸಂತೋಷ. ದೊಡ್ಡ ಹುಸೇನಪ್ಪ ಬಾಗಿಲಲ್ಲಿ ಬಗ್ಗಿ ಬರುತ್ತಿದ್ದನಂತೆ, ಅಷ್ಟು ಎತ್ತರ ಎಂದು ಕೂಸಿಗೆ ಹೇಳು.

ನಿನ್ನ ಕಾಗದ ಬೆಂಗಳೂರಿನವರ ಮಾತಿನ ಹಾಗೆಯೇ ಇದೆ. ಕೇಳಿದ್ದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಏನು, ಈರೇಶ ಯಾವುದೋ ಜಾತಿಯವಳನ್ನು ಕಟ್ಟಿಕೊಂಡನೇ? ಕಟ್ಟಿಕೊಳ್ಳಲಿ. ಜೈಲಿಗೆ ಹೋದನೇ? ಹೋಗಿದ್ದರೂ ನನ್ನ ಕೂಸೇ. ನಾನು ಬೈಯುವುದಿಲ್ಲ. ಬೈದರೂ ನಿನ್ನಪ್ಪನಿಗೆ ಬೈಯುತ್ತೇನೆ.

ಒಂದು ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ರೊಟ್ಟಿಯ ಜೊತೆ ತಿನ್ನಲು ಶೇಂಗಾ ಹಿಂಡಿ ನಿಮಗೆ. ಅಂಗಿ ಬಟ್ಟೆ ಈರೇಶನಿಗೆ. ಎಷ್ಟು ಎತ್ತರ ಬೆಳೆದಿದ್ದಾನೋ ಗೊತ್ತಿಲ್ಲ, ಅಂಗಡಿಯವನಿಗೆ ದೊಡ್ಡ ಹುಸೇನಪ್ಪನ ಮರಿಮೊಮ್ಮಗನ ಮಗ ಅಂತ ಹೇಳಿ ಎರಡೂವರೆ ಮೀಟರ್ ಹರಿಸಿದೆ. ದೀಪಾವಳಿಗೆ ಹೊಲಿಸಿಕೊಳ್ಳಲಿ.

ನಿನ್ನ ಅತ್ತಿ
ಜಟ್ಟೆಮ್ಮ

*

ಹೊರಮಾವು
19 ಅಕ್ಟೋಬರ್ 2003

ಅತ್ತೆಯವರಿಗೆ,

ಈ ಕಾಗದ ಒಬ್ಬರೇ ಇರುವಾಗ ಓದಬೇಡಿ. ಪಕ್ಕದ ಮನೆಯವರನ್ನು ಯಾರನ್ನಾದರೂ ಕರೆದು ಕೂರಿಸಿಕೊಂಡು ಓದಿ.

ನಿಮ್ಮ ಮೊದಲ ಕಾಗದ ಬರುವವರೆಗೆ ನನಗೊಬ್ಬ ಅಣ್ಣ ಇದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಸತ್ಯವಾಗಿ ಗೊತ್ತಿರಲಿಲ್ಲ ಅತ್ತೆ. ಅವತ್ತು ಅಪ್ಪ ಊಟಕ್ಕೆ ಕೂತಿದ್ದರು. "ಅಪ್ಪಾ, ಈರೇಶ ಅಂದ್ರೆ ಯಾರು?" ಎಂದೆ. ಅರ್ಧ ರೊಟ್ಟಿ ಹಾಗೇ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು. ನನಗೆ ಸಿಟ್ಟು ಬಂತು. ಹೆತ್ತ ಮಗಳಿಗೂ ಹೇಳದಂಥದ್ದು ಏನಿದೆ ಎಂದು ಜಗಳವಾಡಿದೆ. ಬಾಯಿ ಬಿಡಲಿಲ್ಲ.

ನಿಮ್ಮ ಬಟ್ಟೆ ಬಂದ ದಿನ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಊರಿಂದ ಬಂದ ಹೊಸದರಲ್ಲಿ ಅಪ್ಪ ಅವ್ವ ಅಲ್ಲಿ ಚಾಂದ್ ಬೀ ಎಂಬುವರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದರು. ಈಗಲೂ ರಂಜಾನಿಗೆ ಅವರ ಮನೆಯಿಂದ ನಮಗೆ ಪಾಯಸ ಬರುತ್ತದೆ. ಅವರಿಗೆ ಕಣ್ಣು ಮಂಜು, ನೆನಪು ಚೊಕ್ಕ. ಬಟ್ಟೆ ಅವರ ಕೈಗಿಟ್ಟು, ಇದು ಈರೇಶನಿಗೆ ಅವನ ಅತ್ತೆ ಕಳಿಸಿದ್ದು ಎಂದೆ. ಅವರು ಬಟ್ಟೆಯನ್ನು ಕೈಯಿಂದ ಸವರಿ ನೋಡಿದರು.

"ನಿಮ್ದು ಅಪ್ಪ ಹೇಳ್ಲಿಲ್ವಾ ಬೇಟಿ? ಆ ಬಚ್ಚಾ ಇಲ್ಲಿ ಬಂದು ನಾಕ್ ತಿಂಗ್ಳು ಇರ್ಲಿಲ್ಲ. ಕಾಮಾಲೆ ಆಯ್ತು. ಆಸ್ಪತ್ರೆಗೆ ನಿಮ್ದು ಅಪ್ಪ ಹೆಗಲ್ ಮೇಲೆ ಹಾಕ್ಕೊಂಡು ಓಡಿದ್ರು. ಆಗ್ಲಿಲ್ಲ. ನಮ್ದು ಯಜಮಾನ್ರು, ನಿಮ್ದು ಅಪ್ಪ, ಇಬ್ರೇ ಕಲ್ಪಳ್ಳಿ ಸ್ಮಶಾನಕ್ಕೆ ತಗೊಂಡ್ ಹೋಗಿದ್ದು. 'ಊರಿಗೆ ಕಾಗ್ದ ಹಾಕು ಭಾಯ್' ಅಂದ್ರೆ, 'ಅಕ್ಕಂಗೆ ಯಾವ ಮುಖ ತೋರಿಸ್ಲಿ' ಅಂತ ಗೋಡೆಗೆ ತಲೆ ಇಟ್ಕೊಂಡು ಅಳೋದು."

1974ರ ನವೆಂಬರ್ ಅತ್ತೆ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು.

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಒದ್ದಾಡಿದೆ. ಹೇಗಾದರೂ ಮುಂದಿನ ತಿಂಗಳು ಬಸಣ್ಣ ಬಂದು ಓದುತ್ತಾರೆ, ನೀವು ಇನ್ನೊಂದು ಬಟ್ಟೆ ಕೊಡುತ್ತೀರಿ, ಹೀಗೇ ನಡೆದುಕೊಂಡು ಹೋಗಲಿ ಎಂದೂ ಅನಿಸಿತು. ಆದರೆ ಅಪ್ಪ ಮಾಡಿದ್ದನ್ನೇ ನಾನೂ ಮಾಡಿದ ಹಾಗಾಗುತ್ತದೆ. ಕ್ಷಮಿಸಿ.

ಒಂದು ಈಗ ಅರ್ಥವಾಯಿತು. ನಾಗರಪಂಚಮಿಯಲ್ಲಿ ಅವ್ವ ನನ್ನ ಎರಡೂ ಕೈಗೆ ಉಂಡಿ ಕೊಟ್ಟು, "ಒಂದು ನಿನಗ, ಒಂದು ನಿನಗ" ಅನ್ನುತ್ತಿದ್ದಳು. ತಮಾಷೆ ಎಂದುಕೊಂಡು ಎರಡನ್ನೂ ನಾನೇ ತಿನ್ನುತ್ತಿದ್ದೆ.

ಬಟ್ಟೆ ನನ್ನ ಹತ್ತಿರವಿದೆ. ಏನು ಮಾಡಲಿ ತಿಳಿಸಿ.

ನಿಮ್ಮ
ಕಾವೇರಿ

*

ಹೊರಮಾವು
18 ಜನವರಿ 2004

ಅಕ್ಕನಿಗೆ ಹುಸೇನಪ್ಪ ಕಾಲು ಮುಟ್ಟಿ ಬರೆಯುವುದು.

ಕಾವೇರಿ ಬರೆದದ್ದು ನಿಜ. ಮೂರು ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ಅವಳು ದಿನಾ ಪೋಸ್ಟಿನವನ ದಾರಿ ನೋಡುತ್ತಾಳೆ. ಅವಳ ತಪ್ಪಿಲ್ಲ. ಅವಳ ಮೇಲೆ ಸಿಟ್ಟಾಗಬೇಡ.

ಬಿಟ್ಟು ಹೋಗು ಅಂದಿ. ನಾನು ಕೇಳಲಿಲ್ಲ. ನಿನ್ನ ಕೈಯಿಂದ ಎಳೆದುಕೊಂಡೆ. ಅವನು ಬಸ್ಸಿನಲ್ಲಿ ಮಸ್ಕಿ ದಾಟುವವರೆಗೆ ನಿನ್ನನ್ನೇ ಕರೆದು ಅತ್ತ. ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಅವನು ಆರಾಮ ಇದ್ದಾನೆ ಅಂತ ಬರೆದೆ. ಒಂದು ಸಲ ಬರೆದ ಮೇಲೆ ತಿರುಗಿ ಬರೆಯಲಿಕ್ಕೆ ದಾರಿ ಉಳಿಯಲಿಲ್ಲ. ಸಾಲೆಗೆ ಹೋಗುತ್ತಾನೆ ಅಂತ ಬರೆದೆ. ನೀನು ಬಸಣ್ಣನ ಅಪ್ಪನ ಕೈಯಲ್ಲಿ ಹೆಸರು ಓದಿಸುತ್ತಿರುವುದು ಗೊತ್ತಾದ ಮೇಲೆ ಕಾಗದ ಬರೆಯುವುದನ್ನೇ ಬಿಟ್ಟೆ. ಆ ಪುಸ್ತಕದಲ್ಲಾದರೂ ಅವನು ಇರಲಿ ಅನಿಸಿತು ಅಕ್ಕಾ.

ಬಾಯಿಗೆ ಬಂದಂತೆ ಬೈದು ಒಂದು ಕಾಗದ ಹಾಕು.

ನಿನ್ನ ತಮ್ಮ
ಹುಸೇನಪ್ಪ

*

ಹಿರೇಬಾವಿ
6 ಫೆಬ್ರವರಿ 2004

ಹುಸೇನಿಗೆ,

ಬೈಯಲಿಕ್ಕೆ ಎದುರಿಗೆ ಬೇಕು. ಕಾಗದದಲ್ಲಿ ಬೈದರೆ ನನಗೆ ಸಮಾಧಾನವಾಗುವುದಿಲ್ಲ.

ಮೂರು ತಿಂಗಳು ಬರೆಯಲಿಲ್ಲ, ಹೌದು. ಬರೆದರೆ ಈರೇಶ ಇಲ್ಲ ಅಂತ ನನ್ನ ಕೈಯಿಂದಲೇ ಬರೆಯಬೇಕಲ್ಲ. ಕ್ಲಾಸಿಗೆ ಹೋಗಿ ನಾನು ಮೊದಲು ಕಲಿತದ್ದು ಅವನ ಹೆಸರು. ನನ್ನ ಹೆಸರು ಆಮೇಲೆ.

ಒಂದು ಮಾತು ಹೇಳುತ್ತೇನೆ. ಅವನು ಮೂರನೇ ಇಯತ್ತೆ ಅಂತ ಒಂದು ವರ್ಷ ಬರೆದಿದ್ದಿ. ಮುಂದಿನ ವರ್ಷವೂ ಮೂರನೇ ಇಯತ್ತೆ ಅಂತಲೇ ಬರೆದಿ. ಮಾಸ್ತರರು ಓದಿ ನನ್ನ ಮುಖ ನೋಡಿದರು. ಹುಡುಗ ನಪಾಸಾಗಿರಬೇಕು, ಅಪ್ಪನ ತಲೆಯೇ ಬಂದಿದೆ ಅಂದೆ. ಮನಸ್ಸಿಗೆ ಚುಚ್ಚಿತು. ಬೆಂಗಳೂರಿನ ಬಸ್ಸು ಲಿಂಗಸುಗೂರಿಂದ ದಿನಾ ಹೊರಡುತ್ತದೆ. ನಾನು ಹತ್ತಲಿಲ್ಲ. ಆಗ ಮೊಣಕಾಲು ಗಟ್ಟಿಯಾಗಿಯೇ ಇತ್ತು. ಬಂದು ನೋಡಿದರೆ ಏನು ಕಾಣುತ್ತದೋ ಎಂಬ ಹೆದರಿಕೆ. ನೀನೊಬ್ಬನೇ ಸುಳ್ಳು ಹೇಳಿದ್ದಲ್ಲ.

ಕಾರ್ತಿಕದಲ್ಲಿ ಬಸಣ್ಣ ಬಂದಿದ್ದ. ಎಲ್ಲ ಹೆಸರು ಓದಿದ. ಈರೇಶನದೂ ಓದಿದ. ನಾನು ತಡೆಯಲಿಲ್ಲ, ಬಟ್ಟೆಯನ್ನೂ ಕೊಟ್ಟೆ. ಅವನು ಓಣಿಯ ತಿರುವು ದಾಟಿದ ಮೇಲೆ ತಡೆಯಲಾಗದೆ ಕೂಗಿ ಕರೆದೆ. ಎತ್ತು ತಿರುಗಿಸಿಕೊಂಡು ಬಂದ. ಹೇಳಿದೆ. ಅವನೂ ಎತ್ತಿನಿಂದ ಇಳಿದು ಕೂತುಬಿಟ್ಟ. ಆದರೆ ಬರೆದುಕೊಳ್ಳಲಿಲ್ಲ. ಸತ್ತ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಿ ಬರೆಯುವ ಹಾಗಿಲ್ಲವಂತೆ. ಹೆತ್ತವನೇ ಬಾಯಿಬಿಟ್ಟು ಹೇಳಬೇಕು. ದಿನ ಹೇಳಬೇಕು, ಮಣ್ಣು ಮಾಡಿದ ಜಾಗ ಹೇಳಬೇಕು. ಅಲ್ಲಿಯವರೆಗೆ ಓದುತ್ತಲೇ ಇರಬೇಕಂತೆ.

ನಮ್ಮ ಕಡೆಯ ಹನ್ನೊಂದು ಮನೆಯವರು ನಿಮ್ಮ ಹೊರಮಾವಿನ ಸುತ್ತಲೇ ಕೆಲಸಕ್ಕಿದ್ದಾರಂತೆ. ಅವರ ಹೆಸರು ಓದಲು ಬಸಣ್ಣ ಮುಂದಿನ ತಿಂಗಳು ರೈಲಿಗೆ ಬರುತ್ತಾನೆ. ನಿನ್ನ ಮನೆಗೂ ಬರುತ್ತಾನೆ. ನಾನು ಬರುವುದಿಲ್ಲ. ಅದನ್ನು ಕಿವಿಯಾರೆ ಕೇಳುವ ಶಕ್ತಿ ನನಗಿಲ್ಲ. ನೀನೇ ಹೇಳಿ ಕೂಸನ್ನು ಮಲಗಿಸು. ಆ ಅಂಗಿ ಬಟ್ಟೆಯನ್ನು ಬಸಣ್ಣನ ಕೈಯಲ್ಲಿಡು.

ಜಟ್ಟೆಮ್ಮ

*

ಹೊರಮಾವು
15 ಮಾರ್ಚ್ 2004

ಅತ್ತೆಯವರಿಗೆ ಕಾವೇರಿಯ ನಮಸ್ಕಾರ.

ನಿನ್ನೆ ಬಸಣ್ಣ ಬಂದಿದ್ದರು. ಮರೆಯುವ ಮುಂಚೆ ಎಲ್ಲ ಬರೆದುಬಿಡುತ್ತೇನೆ.

ಬೆಳಿಗ್ಗೆ ಅವರನ್ನು ಕರೆತರಲು ಅಪ್ಪ ನನ್ನ ಯಜಮಾನರ ಬೈಕ್ ಹತ್ತಿ ಕೆ.ಆರ್. ಪುರ ಸ್ಟೇಷನ್ನಿಗೆ ತಾವೇ ಹೋದರು. ಎತ್ತಿಲ್ಲದ ಬಸಣ್ಣ ಎತ್ತಿನ ಕೊರಳ ಗಂಟೆಯನ್ನು ಮಾತ್ರ ಕೈಯಲ್ಲಿ ಹಿಡಿದು ಬಂದಿದ್ದರು. ಕಂಕುಳಲ್ಲಿ ಪುಸ್ತಕ ಸುತ್ತಿದ ಕೆಂಪು ಬಟ್ಟೆಯ ಗಂಟು. ನಮ್ಮ ಮನೆ ಮಾಲೀಕರು ಮುನಿರಾಜಪ್ಪ ಗೇಟಿನಲ್ಲೇ ತಡೆದು, "ಏನಪ್ಪಾ, ಯಾವ್ ಮಠದ ಚಂದಾ?" ಎಂದರು. ವಿಷಯ ಗೊತ್ತಾದ ಮೇಲೆ ಒಳಗಿಂದ ತಾವೇ ಕುರ್ಚಿ ತಂದು ಹಾಕಿಕೊಂಡು ಕೂತರು. "ನಮ್ದೂ ಐತೇನ್ರೀ ಅದ್ರಲ್ಲಿ?" ಎಂದು ಆಸೆಯಿಂದ ಕೇಳಿದರು. "ನಿಮ್ಮ ಕಡಿಗೆ ನಾವು ಬರಂಗಿಲ್ರಿ" ಎಂದಾಗ ಅವರ ಮುಖ ಸಪ್ಪಗಾಯಿತು.

ಬಸಣ್ಣ ಬಾಗಿಲ ಮುಂದೆ ನಿಂತು ಅನುಮಾನಿಸಿದರು. "ಬಾಡಿಗಿ ಮನಿ. ಸ್ವಂತ ಹೊಸ್ತಿಲ ಮುಂದ ನಿಂತು ಓದೂದು ನಮ್ಮ ಪದ್ಧತಿ" ಎಂದರು. ಅಪ್ಪ ಬಗ್ಗಿ ಹೊಸ್ತಿಲನ್ನು ಮುಟ್ಟಿ, "ಮನಿ ಅವರದು ಬಸಣ್ಣ. ಈ ಹೊಸ್ತಿಲ ನಾ ನನ್ನ ಕೈಲಿಂದ ಕೂಡಿಸೀನಿ" ಎಂದರು. ಮುನಿರಾಜಪ್ಪನವರು "ಹೌದು ಕಣ್ರೀ, ಈ ಮನೆ ಪೂರಾ ಇವರ್ದೇ ಗೌಂಡಿ ಕೆಲಸ" ಎಂದು ಸಾಕ್ಷಿ ಹೇಳಿದರು. ಗಂಟೆ ಬಾರಿಸಿತು.

ಅತ್ತೆ, ಏಳಲ್ಲ, ಹನ್ನೊಂದು ತಲೆ. ಒಂದೊಂದು ಹೆಸರಿಗೂ ಯಾವ ಊರಿಂದ ಬಂದ, ಎಲ್ಲಿ ಬಾವಿ ತೋಡಿದ ಎಂದು ರಾಗದಲ್ಲಿ ಓದುತ್ತಿದ್ದರು. ಇಷ್ಟು ಜನ ನನ್ನ ಬೆನ್ನ ಹಿಂದೆ ನಿಂತಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ಅಳು ಬಂತು. ಕೊನೆಗೆ, "ಹನುಮಪ್ಪನ ಮಗ ಹುಸೇನಪ್ಪ, ಹುಸೇನಪ್ಪನ ಮಗ ಈರೇಶ" ಎಂದು ಓದಿ ಪುಸ್ತಕದಿಂದ ತಲೆಯೆತ್ತಿದರು.

ಅಪ್ಪ ಹೊಸ್ತಿಲ ಹತ್ತಿರ ಬಂದು ನಿಂತರು. ಶಿವಾನಿ ಹೋಗಿ ಅವರ ಕೈ ಹಿಡಿದುಕೊಂಡಳು. ಆಮೇಲೆ ಹೇಳಿದರು. "ಎಪ್ಪತ್ತನಾಕನೇ ಇಸ್ವಿ. ದೀಪಾವಳಿ ಪಾಡ್ಯ ಆಗಿ ಮೂರನೇ ದಿವಸ. ಕಲ್ಪಳ್ಳಿಯೊಳಗ, ಗ್ವಾಡಿ ಬದಿಗೆ, ಬೇವಿನ ಗಿಡದ ಕೆಳಗ." ಅಷ್ಟೇ. ಆದರೆ ಅಷ್ಟು ಹೇಳುವುದಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಒಲೆಯ ಮೇಲಿಟ್ಟಿದ್ದ ಚಹಾ ಹೊತ್ತಿಹೋಯಿತು.

ಬಸಣ್ಣ ಬರೆದುಕೊಂಡು ಪುಸ್ತಕ ಮುಚ್ಚಲು ಹೋದರು. ಅಪ್ಪ ಅವರ ಕೈ ಹಿಡಿದರು.

"ಇನ್ನೊಂದು ಬರಿ. ನಮ್ಮಕ್ಕನ ಹೆಸರು ಬರಿ."

"ಹೆಣ್ಣುಮಕ್ಕಳದು ಬರಿಯಂಗಿಲ್ಲ ಹುಸೇನಪ್ಪ. ನಮ್ಮಪ್ಪ ಬರದಿಲ್ಲ, ನಮ್ಮಜ್ಜ ಬರದಿಲ್ಲ."

"ಮೂವತ್ತು ವರ್ಷ ಇಲ್ಲದ ಕೂಸಿಗೆ ಬಟ್ಟಿ ಕೊಟ್ಟು ನಿನ್ನ ಪುಸ್ತಕದಾಗ ಬೆಳಸ್ಯಾಳ. ನಾ ನಾಕ ತಿಂಗಳು ಸುದ್ದ ಕಾಯಲಿಲ್ಲ. ನನ್ನ ಹೆಸರಿಗೆ ಜಾಗ ಐತಿ, ಆಕಿ ಹೆಸರಿಗೆ ಇಲ್ಲಾ? ಹಂಗಿದ್ರ ನಂದೂ ಹೊಡದ ಹಾಕು."

ಮುನಿರಾಜಪ್ಪನವರು ಜೇಬಿನಿಂದ ಪೆನ್ನು ತೆಗೆದು, "ಇಂಕ್ ಖಾಲಿ ಆಗಿದ್ರೆ ಇದ್ರಲ್ಲಿ ಬರೀರಿ ಸ್ವಾಮಿ" ಎಂದರು. ಬಸಣ್ಣ ಅವರನ್ನು ನೋಡಿದರು, ಅಪ್ಪನನ್ನು ನೋಡಿದರು, ಅಪ್ಪ ಕೊಟ್ಟಿದ್ದ ನಿಮ್ಮ ಅಂಗಿ ಬಟ್ಟೆಯನ್ನು ನೋಡಿದರು. "ಜೋಳ ಅಳದು ಹಾಕೂ ಕೈ ಅದು. ನಾ ಸಣ್ಣವನಿದ್ದಾಗಿಂದ ನೋಡೀನಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಪುಸ್ತಕ ಮತ್ತೆ ಬಿಚ್ಚಿದರು.

ಏನು ಬರೆದರೆಂದು ನಾನು ಹೇಳುವುದಿಲ್ಲ. ಯುಗಾದಿ ಕಳೆದು ಅವರು ನಿಮ್ಮ ಹೊಸ್ತಿಲಿಗೆ ಬಂದು ಓದುತ್ತಾರಂತೆ. ನೀವೇ ಕೇಳಿ.

ಅಪ್ಪ ನಿನ್ನೆ ಸಂಜೆ ತಾವಾಗಿಯೇ ಶಿವಾನಿಯನ್ನು ಕರೆದು ಊರಿನ ಬಾವಿಯ ಕಥೆ ಹೇಳಿದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ನಿಮ್ಮ ಸೊಸೆ
ಕಾವೇರಿ

*

ಹಿರೇಬಾವಿ
2 ಏಪ್ರಿಲ್ 2004

ಕಾವೇರಿಗೂ ಹುಸೇನಿಗೂ ಕೂಸಿಗೂ ಆಶೀರ್ವಾದ.

ಬಸಣ್ಣ ಮೊನ್ನೆ ಬಂದ. ಹೊಸ್ತಿಲಿಗೆ ನೀರು ಹಾಕಿ, ಹೊಸ ಸೀರೆ ಉಟ್ಟು ನಿಂತೆ. ಅಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಹೆಸರು ಬರುತ್ತಾ ಬರುತ್ತಾ ಈರೇಶನಿಗೆ ಬಂದಿತು. "ಹುಸೇನಪ್ಪನ ಮಗ ಈರೇಶ. ಸೋದರತ್ತಿ ಜಟ್ಟೆಮ್ಮನ ಉಡಿಯಲ್ಲಿ ಬೆಳೆದವನು. ಬೆಂಗಳೂರಲ್ಲಿ ಮಣ್ಣಾದವನು" ಎಂದು ಓದಿದ.

ಇನ್ನೊಂದು ಸಲ ಓದು ಎಂದೆ. ಓದಿದ. ಮತ್ತೊಂದು ಸಲ ಎಂದೆ. "ಆಯಿ, ಎತ್ತು ಬಿಸಿಲಾಗ ನಿಂತೈತಿ" ಎಂದ. ನಿಲ್ಲಲಿ, ಇಷ್ಟು ವರ್ಷ ನಾನು ನಿಂತಿಲ್ಲವೇ ಎಂದೆ. ಓದಿದ. ಆಮೇಲೆ ಅತ್ತೆ, ಮನಸಾರೆ ಅತ್ತೆ. ಎತ್ತಿಗೆ ಬೆಲ್ಲ ತಿನ್ನಿಸಿದೆ.

ಈ ಸಲ ಈರೇಶನ ಹೆಸರಿಗೆ ಬಟ್ಟೆ ಕೊಡಲಿಲ್ಲ. ಅದರಲ್ಲಿ ಶಿವಾನಿಗೆ ಲಂಗ ಹೊಲಿಸಿಟ್ಟಿದ್ದೇನೆ. ಪೋಸ್ಟಿಗೆ ಹಾಕುವುದಿಲ್ಲ. ಬಂದು ಹಾಕಿಕೊಂಡು ಹೋಗಲಿ.

ಹುಸೇನಿ, ನಿನಗೆ ಬೈಯಲು ಬೇಕಾದಷ್ಟು ಕೂಡಿಟ್ಟಿದ್ದೇನೆ. ಶಾಲೆ ಸೂಟಿ ಬಿದ್ದ ಕೂಡಲೇ ಕರೆದುಕೊಂಡು ಬಾ. ಯಾವ ಬಸ್ಸಿಗೆ ಎಂದು ಬರಿ, ಲಿಂಗಸುಗೂರಿಗೆ ನಾನೇ ಬಂದು ನಿಂತಿರುತ್ತೇನೆ.

ಈರೇಶನನ್ನು ಉಡಿಯಲ್ಲಿ ಬೆಳೆಸಿದವಳು
ಜಟ್ಟೆಮ್ಮ